ಸ್ಪ್ಯಾನಿಷ್ ಯಾವ ಯಾವ ದೇಶದ ಅಧಿಕೃತ ಭಾಷೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತು ಬಳಸು ಬೇಡ. ಒಟ್ಟು ಎಷ್ಟು ದೇಶಗಳು?

20. ಎಲ್ಲಾದರೂ 21 ಎಂದು ಓದಿದ್ದರೆ ಅದೂ ತಪ್ಪಲ್ಲ. ಅಲ್ಲಿ ಪೋರ್ಟೊ ರಿಕೊವನ್ನು ಸೇರಿಸಿಕೊಂಡಿರುತ್ತಾರೆ. ಅದು ಸ್ವತಂತ್ರ ದೇಶವಲ್ಲ, ಅಮೆರಿಕದ ಅಧೀನ ಪ್ರದೇಶ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಪ್ರಶ್ನೆಯಲ್ಲಿ "ಸಾರ್ವಭೌಮ ರಾಷ್ಟ್ರ" ಎಂದಿದೆಯೋ "ದೇಶ ಮತ್ತು ಪ್ರದೇಶ" ಎಂದಿದೆಯೋ ನೋಡಿಕೊಂಡು ಉತ್ತರಿಸಲಿ.

ಆ 20 ಯಾವುವು?

ಯುರೋಪಿನಲ್ಲಿ ಒಂದೇ ಒಂದು, ಸ್ಪೇನ್. ಆಫ್ರಿಕದಲ್ಲಿಯೂ ಒಂದೇ, ಇಕ್ವೆಟೋರಿಯಲ್ ಗಿನಿ. ಉಳಿದ 18 ಅಮೆರಿಕ ಖಂಡಗಳಲ್ಲಿವೆ. ಉತ್ತರದಲ್ಲಿ ಮೆಕ್ಸಿಕೊ. ಅದರ ಕೆಳಗಿನ ಕಿರಿದಾದ ನೆಲಪಟ್ಟಿಯಲ್ಲಿ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡೋರ್, ನಿಕರಾಗುವಾ, ಕೋಸ್ಟಾ ರಿಕಾ, ಪನಾಮಾ. ಕೆರಿಬಿಯನ್ ಸಮುದ್ರದಲ್ಲಿ ಕ್ಯೂಬಾ, ಡೊಮಿನಿಕನ್ ಗಣರಾಜ್ಯ. ದಕ್ಷಿಣ ಅಮೆರಿಕದಲ್ಲಿ ಕೊಲಂಬಿಯಾ, ವೆನೆಜುವೆಲಾ, ಈಕ್ವೆಡಾರ್, ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ.

ಏಷ್ಯಾದಲ್ಲಿ ಈಗ ಒಂದೂ ಇಲ್ಲ. "ಈಗ" ಎಂದದ್ದಕ್ಕೆ ಕಾರಣವಿದೆ. ಅದನ್ನು ಫಿಲಿಪ್ಪೀನ್ಸ್ ಪ್ರಶ್ನೆಯಲ್ಲಿ ಹೇಳುತ್ತೇನೆ.

ಈ 20 ದೇಶಗಳ ಸಂವಿಧಾನಗಳಲ್ಲೂ "ಸ್ಪ್ಯಾನಿಷ್ ನಮ್ಮ ಅಧಿಕೃತ ಭಾಷೆ" ಎಂದು ಬರೆದಿದೆಯೆ?

ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಪ್ಯಾನಿಷ್ ಮಾತಾಡುವ ದೇಶ ಮೆಕ್ಸಿಕೊ. ಅದರ ಜನಸಂಖ್ಯೆ ಸುಮಾರು 13 ಕೋಟಿ. ಆ ಮೆಕ್ಸಿಕೊದ ಸಂವಿಧಾನದಲ್ಲಿಯೇ ಅಂಥ ಸಾಲಿಲ್ಲ. ಅರ್ಜೆಂಟೀನಾ, ಚಿಲಿ, ಉರುಗ್ವೆಗಳ ಸಂವಿಧಾನಗಳಲ್ಲಿಯೂ ಇಲ್ಲ. ಅಲ್ಲಿ ಕಾನೂನು ಬರೆಯುವುದು, ತೀರ್ಪು ಕೊಡುವುದು, ರಸೀದಿ ಹರಿಯುವುದು ಎಲ್ಲವೂ ಸ್ಪ್ಯಾನಿಷಿನಲ್ಲೇ ನಡೆಯುವುದರಿಂದ ಬರೆದಿಡುವ ಅಗತ್ಯ ಯಾರಿಗೂ ಕಂಡಿಲ್ಲ. ಮೆಕ್ಸಿಕೊದ 2003ರ ಭಾಷಾ ಹಕ್ಕುಗಳ ಕಾನೂನು ಸ್ಪ್ಯಾನಿಷನ್ನೂ ಮೂಲನಿವಾಸಿಗಳ ಭಾಷೆಗಳನ್ನೂ ಒಟ್ಟಿಗೆ "ರಾಷ್ಟ್ರೀಯ ಭಾಷೆಗಳು" ಎಂದು ಕರೆಯಿತು. ಸರ್ಕಾರದ ಪಟ್ಟಿಯ ಪ್ರಕಾರ ಅಂಥ ಮೂಲನಿವಾಸಿ ಭಾಷೆಗಳು 68.

ಹಾಗಾಗಿ "ಅಧಿಕೃತ" ಎಂಬ ಪದದಲ್ಲಿ ಎರಡು ಜಾತಿ ಇದೆ: ಕಾಗದದ ಮೇಲೆ ಬರೆದದ್ದು, ರೂಢಿಯಿಂದ ಬಂದದ್ದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1963ರ ರಾಜಭಾಷಾ ಅಧಿನಿಯಮ ನಮ್ಮಲ್ಲಿದೆ. ಅದಿದ್ದೂ ಬ್ಯಾಂಕಿನ ಚಲನ್ ಯಾವ ಭಾಷೆಯಲ್ಲಿ ಇರಬೇಕೆಂಬ ಜಗಳ ಮುಗಿದಿಲ್ಲ. ಅರ್ಜೆಂಟೀನಾದಲ್ಲಿ ಸ್ಪ್ಯಾನಿಷಿಗೆ ಸಂವಿಧಾನದ ಸಾಲಿಲ್ಲ, ಜಗಳವೂ ಇಲ್ಲ.

ಸ್ಪೇನಿನಲ್ಲಾದರೂ ಬರೆದಿದೆ ತಾನೆ?

ಸ್ಪಷ್ಟವಾಗಿ ಬರೆದಿದೆ, ಆದರೆ "ಸ್ಪ್ಯಾನಿಷ್" ಎಂಬ ಹೆಸರಿನಲ್ಲಿ ಅಲ್ಲ. 1978ರ ಸಂವಿಧಾನದ 3ನೇ ವಿಧಿಯ ಪ್ರಕಾರ ರಾಷ್ಟ್ರದ ಅಧಿಕೃತ ಭಾಷೆ "ಕಾಸ್ತೆಯಾನೊ", ಅಂದರೆ ಕಾಸ್ತೀಯ ಪ್ರಾಂತದ ನುಡಿ. ಅದನ್ನು ತಿಳಿದಿರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ, ಬಳಸುವುದು ಹಕ್ಕು ಎಂದೂ ಅದೇ ವಿಧಿ ಹೇಳುತ್ತದೆ. ಹಕ್ಕು ಸರಿ, ಕರ್ತವ್ಯ ಯಾಕೆ ಎಂದು ಬಾರ್ಸಿಲೋನಾದ ಕಡೆಯವರು ಇವತ್ತಿಗೂ ಕೇಳುತ್ತಾರೆ.

ಅದೇ ವಿಧಿಯ ಮುಂದಿನ ಸಾಲು ಇತರ ಭಾಷೆಗಳಿಗೂ ಅವುಗಳ ಸ್ವಾಯತ್ತ ಪ್ರಾಂತಗಳಲ್ಲಿ ಅಧಿಕೃತ ಸ್ಥಾನ ಕೊಡುತ್ತದೆ. ಅದರಂತೆ ಕತಲಾನ್, ಗಲೀಸಿಯನ್, ಬಾಸ್ಕ್ ಭಾಷೆಗಳಿಗೆ ಆಯಾ ನೆಲದಲ್ಲಿ ಸ್ಪ್ಯಾನಿಷಿನ ಸಮಾನ ಸ್ಥಾನವಿದೆ. ವಲೆನ್ಸಿಯಾದವರು ತಮ್ಮ ಕತಲಾನನ್ನು ವಲೆನ್ಸಿಯನ್ ಎಂದು ಕರೆಯುತ್ತಾರೆ. ಎರಡೂ ಒಂದೆಯೋ ಬೇರೆಯೋ ಎಂಬ ವಾದಕ್ಕೆ ಇಳಿಯದಿರುವುದು ಕ್ಷೇಮ. ಪಿರಿನೀಸ್ ಬೆಟ್ಟಗಳ ಒಂದು ಕಣಿವೆಯ ಅರಾನೀಸ್ ನುಡಿಗೂ 2006ರಿಂದ ಇಡೀ ಕತಲೋನಿಯಾದಲ್ಲಿ ಅಧಿಕೃತ ಸ್ಥಾನವಿದೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಡಳಿತದಲ್ಲಿ ಈ ಭಾಷೆಗಳನ್ನು ಕಚೇರಿಗಳಿಂದಲೂ ಶಾಲೆಗಳಿಂದಲೂ ಹೊರಗಟ್ಟಲಾಗಿತ್ತು. 2023ರ ಸೆಪ್ಟೆಂಬರಿನಿಂದ ಮ್ಯಾಡ್ರಿಡಿನ ಸಂಸತ್ತಿನ ಕೆಳಮನೆಯಲ್ಲಿಯೂ ಸದಸ್ಯರು ಕತಲಾನ್, ಬಾಸ್ಕ್, ಗಲೀಸಿಯನ್ ಭಾಷೆಗಳಲ್ಲಿ ಮಾತಾಡಬಹುದು. ಉಳಿದವರು ಕಿವಿಗೆ ಸಾಧನ ಸಿಕ್ಕಿಸಿಕೊಂಡು ಅನುವಾದ ಕೇಳುತ್ತಾರೆ.

ಬಾಸ್ಕ್ ಬಗ್ಗೆ ಒಂದು ಮಾತು. ಕತಲಾನ್ ಮತ್ತು ಗಲೀಸಿಯನ್ ಸ್ಪ್ಯಾನಿಷಿನ ಒಡಹುಟ್ಟುಗಳು, ಲ್ಯಾಟಿನ್ ತಾಯಿಯ ಮಕ್ಕಳು. ಬಾಸ್ಕಿಗೆ ಜಗತ್ತಿನ ಯಾವ ಭಾಷೆಯೊಡನೆಯೂ ನಂಟು ಸಿದ್ಧವಾಗಿಲ್ಲ.

"ಕಾಸ್ತೆಯಾನೊ" ಬೇರೆ, "ಎಸ್ಪಾಞೊಲ್" ಬೇರೆಯೆ?

ಭಾಷೆ ಒಂದೇ, ಹೆಸರು ಎರಡು. ಅರ್ಜೆಂಟೀನಾ, ಪೆರು ಕಡೆ ಕಾಸ್ತೆಯಾನೊ ಎನ್ನುವುದು ಹೆಚ್ಚು. ಮೆಕ್ಸಿಕೊ, ಕೆರಿಬಿಯನ್ ಕಡೆ ಎಸ್ಪಾಞೊಲ್. ಸಂವಿಧಾನಗಳೂ ಹೀಗೆಯೇ ಹಂಚಿಹೋಗಿವೆ: ಕೊಲಂಬಿಯಾ, ವೆನೆಜುವೆಲಾ, ಈಕ್ವೆಡಾರ್, ಪೆರು, ಎಲ್ ಸಾಲ್ವಡೋರ್ ಕಾಸ್ತೆಯಾನೊ ಎಂದು ಬರೆದಿವೆ, ಕೋಸ್ಟಾ ರಿಕಾ, ಪನಾಮಾ, ಹೊಂಡುರಾಸ್ ಎಸ್ಪಾಞೊಲ್ ಎಂದಿವೆ.

ಸ್ಪ್ಯಾನಿಷ್ ಜೊತೆಗೆ ಬೇರೆ ಭಾಷೆಗೂ ಅಧಿಕೃತ ಪಟ್ಟ ಕೊಟ್ಟ ದೇಶಗಳಿವೆಯೆ?

ಇವೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಪ್ರಶ್ನೆ ಇದು.

ಮೊದಲು ಪರಾಗ್ವೆ. 1992ರ ಸಂವಿಧಾನ ಗುವಾರಾನಿ ಭಾಷೆಯನ್ನು ಸ್ಪ್ಯಾನಿಷಿನ ಪಕ್ಕದಲ್ಲಿ ಸಮನಾಗಿ ಕೂರಿಸಿತು. ಅಮೆರಿಕ ಖಂಡದಲ್ಲಿ ಮೂಲನಿವಾಸಿಗಳ ಭಾಷೆಗಳು ಹಲವು ಕಡೆ ಉಳಿದಿವೆ, ಆದರೆ ಅವನ್ನು ಆಡುವವರು ಸಾಮಾನ್ಯವಾಗಿ ಮೂಲನಿವಾಸಿಗಳು ಮಾತ್ರ. ಪರಾಗ್ವೆಯಲ್ಲಿ ಹಾಗಲ್ಲ. ಮಿಶ್ರ ವಂಶದ ಬಹುಸಂಖ್ಯಾತರು, ಪೇಟೆಯ ವ್ಯಾಪಾರಿಗಳು, ಫುಟ್‌ಬಾಲ್ ಆಟಗಾರರು, ಮಂತ್ರಿಗಳು ಎಲ್ಲರೂ ಗುವಾರಾನಿ ಆಡುತ್ತಾರೆ. ಬೊಲಿವಿಯಾದೊಡನೆ 1932ರಿಂದ 1935ರವರೆಗೆ ನಡೆದ ಚಾಕೊ ಯುದ್ಧದಲ್ಲಿ ಶತ್ರುವಿಗೆ ಗುಟ್ಟು ತಿಳಿಯದಿರಲೆಂದು ಸೈನ್ಯದ ಸಂದೇಶಗಳು ಗುವಾರಾನಿಯಲ್ಲೇ ಹೋಗುತ್ತಿದ್ದವು. ದೇಶದ ಹಣದ ಹೆಸರೂ ಗುವಾರಾನಿ. ಎರಡೂ ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಕಲಸಿ ಆಡುವ ನುಡಿಗೆ "ಹೊಪಾರಾ" ಎಂಬ ಹೆಸರೂ ಇದೆ. ಗುವಾರಾನಿಯಲ್ಲಿ ಆ ಪದಕ್ಕೆ ಮಿಶ್ರಣ ಎಂದೇ ಅರ್ಥ. ಬೆಂಗಳೂರಿನ ಬಸ್ಸಿನಲ್ಲಿ ಅರ್ಧ ಗಂಟೆ ಕಿವಿ ತೆರೆದು ಕೂತವರಿಗೆ ಅದು ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ.

ಬೊಲಿವಿಯಾ ಇನ್ನೂ ಮುಂದೆ ಹೋಗಿದೆ. 2009ರ ಸಂವಿಧಾನ ಸ್ಪ್ಯಾನಿಷಿನ ಜೊತೆಗೆ ಮೂಲನಿವಾಸಿಗಳ 36 ಭಾಷೆಗಳನ್ನು ಒಂದೊಂದಾಗಿ ಹೆಸರಿಸಿ ಎಲ್ಲಕ್ಕೂ ಅಧಿಕೃತ ಸ್ಥಾನ ಕೊಟ್ಟಿತು. ಒಟ್ಟು 37. ಕೇಂದ್ರ ಸರ್ಕಾರವೂ ಪ್ರಾಂತೀಯ ಸರ್ಕಾರಗಳೂ ಕನಿಷ್ಠ ಎರಡು ಅಧಿಕೃತ ಭಾಷೆ ಬಳಸಬೇಕು, ಅವುಗಳಲ್ಲಿ ಒಂದು ಸ್ಪ್ಯಾನಿಷ್ ಆಗಿರಬೇಕು. ಸರ್ಕಾರಿ ನೌಕರಿಗೆ ಸೇರುವವರಿಗೂ ಎರಡು ಭಾಷೆ ಬರಬೇಕು. ಆದರೆ ಆ 36ರಲ್ಲಿ ಕೆಚುವಾ, ಐಮಾರಾಗಳಂಥ ಹತ್ತಾರು ಲಕ್ಷ ಜನರ ಭಾಷೆಗಳ ಪಕ್ಕದಲ್ಲೇ ಪುಕಿನಾದಂಥ ಭಾಷೆಯೂ ಇದೆ. ಪುಕಿನಾ ಆಡುವವರು ಇಲ್ಲವಾಗಿ ಕಾಲವೇ ಆಗಿದೆ. ಸತ್ತ ಭಾಷೆಗೆ ಅಧಿಕೃತ ಸ್ಥಾನ ಕೊಡುವುದನ್ನು ನಗೆಪಾಟಲು ಎನ್ನುವವರಿದ್ದಾರೆ. ನನಗೆ ಅದು ಹಿರಿಯರಿಗೆ ಎಡೆ ಇಟ್ಟಂತೆ ಕಾಣುತ್ತದೆ.

ಪೆರು 1975ರಲ್ಲಿಯೇ ಕೆಚುವಾವನ್ನು ಅಧಿಕೃತಗೊಳಿಸಿತ್ತು. ಈಗಿನ ಸಂವಿಧಾನದಲ್ಲಿ ಸ್ಪ್ಯಾನಿಷ್ ದೇಶಕ್ಕೆಲ್ಲ ಅಧಿಕೃತ. ಕೆಚುವಾ, ಐಮಾರಾ ಮೊದಲಾದವು ತಾವು ಪ್ರಬಲವಾಗಿರುವ ಪ್ರದೇಶಗಳಲ್ಲಿ ಅಧಿಕೃತ. ಕೊಲಂಬಿಯಾದ 1991ರ ಸಂವಿಧಾನವೂ ಇದೇ ದಾರಿ ಹಿಡಿದಿದೆ. ಈಕ್ವೆಡಾರ್ 2008ರಲ್ಲಿ ಕಿಚುವಾ ಮತ್ತು ಶುವಾರ್ ಭಾಷೆಗಳಿಗೆ "ಸಂಸ್ಕೃತಿಗಳ ನಡುವಣ ಸಂಬಂಧದ ಅಧಿಕೃತ ಭಾಷೆ" ಎಂಬ ಉದ್ದನೆಯ ಬಿರುದು ಕೊಟ್ಟಿತು.

ಆಫ್ರಿಕದಲ್ಲಿ ಸ್ಪ್ಯಾನಿಷ್ ಎಂದರೆ ನಂಬುವುದು ಹೇಗೆ?

ಇಕ್ವೆಟೋರಿಯಲ್ ಗಿನಿಯ ಕಥೆ 1778ಕ್ಕೆ ಹೋಗುತ್ತದೆ. ಆ ವರ್ಷದ ಒಪ್ಪಂದದಲ್ಲಿ ಪೋರ್ಚುಗಲ್ ಗಿನಿ ಕೊಲ್ಲಿಯ ತನ್ನ ಎರಡು ದ್ವೀಪಗಳನ್ನು ಸ್ಪೇನಿಗೆ ಬಿಟ್ಟುಕೊಟ್ಟಿತು. ಸ್ವಾತಂತ್ರ್ಯ ಬಂದದ್ದು 1968ರ ಅಕ್ಟೋಬರ್ 12ರಂದು. ಕೊಲಂಬಸ್ ಅಮೆರಿಕ ತಲುಪಿದ ದಿನವೂ ಅದೇ, ಸ್ಪೇನಿನ ರಾಷ್ಟ್ರೀಯ ದಿನವೂ ಅದೇ. ಮೊದಲ ಅಧ್ಯಕ್ಷ ಮಸಿಯಾಸ್ ಸರ್ವಾಧಿಕಾರಿಯಾಗಿ ಸ್ಪ್ಯಾನಿಷನ್ನು ಅಳಿಸಲು ಹೊರಟ. ಸಾಂತಾ ಇಸಾಬೆಲ್ ನಗರ ಮಲಾಬೊ ಆಯಿತು. 1979ರಲ್ಲಿ ಅವನನ್ನು ಪದಚ್ಯುತಗೊಳಿಸಿದ ಮೇಲೆ ಸ್ಪ್ಯಾನಿಷ್ ಮತ್ತೆ ಶಾಲೆಗೆ ಬಂತು.

ಅಲ್ಲಿನ ಮನೆಮಾತು ಫಾಂಗ್, ಬೂಬಿ ಮೊದಲಾದ ಭಾಷೆಗಳು. ಸ್ಪ್ಯಾನಿಷ್ ಕಚೇರಿ, ತರಗತಿ, ರೇಡಿಯೊಗಳ ಭಾಷೆ. ಬೇರೆ ಬೇರೆ ಬುಡಕಟ್ಟಿನವರು ಪರಸ್ಪರ ಮಾತಾಡುವ ಭಾಷೆಯೂ ಹೌದು. ಆಮೇಲೆ ಫ್ರೆಂಚ್, ಪೋರ್ಚುಗೀಸ್ ಭಾಷೆಗಳಿಗೂ ಅಲ್ಲಿ ಅಧಿಕೃತ ಪಟ್ಟ ಸಿಕ್ಕಿತು. ಅದರಲ್ಲಿ ನೆರೆಹೊರೆಯ ರಾಜಕಾರಣವೇ ಹೆಚ್ಚು. ಸುತ್ತಲೂ ಫ್ರೆಂಚ್ ಬಳಸುವ ದೇಶಗಳು. ಪೋರ್ಚುಗೀಸ್ ಭಾಷಿಕ ದೇಶಗಳ ಕೂಟದಲ್ಲಂತೂ 2014ರಲ್ಲಿ ಸದಸ್ಯತ್ವವೂ ದೊರೆಯಿತು.

ಆಫ್ರಿಕದ ನೆಲದಲ್ಲೇ ಇರುವ ಸೆಯುತಾ, ಮೆಲಿಯಾ ಎಂಬ ಎರಡು ಊರುಗಳು ಸ್ಪೇನಿಗೆ ಸೇರಿದವು. ಪಶ್ಚಿಮ ಸಹಾರಾ 1970ರ ದಶಕದ ನಡುವಿನವರೆಗೆ ಸ್ಪೇನಿನ ಕೈಯಲ್ಲಿತ್ತು. ಅಲ್ಜೀರಿಯಾದ ಟಿಂಡೂಫ್ ಬಳಿಯ ಶಿಬಿರಗಳಲ್ಲಿರುವ ಪಶ್ಚಿಮ ಸಹಾರಾದ ಸಹ್ರಾವಿ ನಿರಾಶ್ರಿತರ ಮಕ್ಕಳು ಇಂದಿಗೂ ಅರಬ್ಬಿಯ ಜೊತೆ ಎರಡನೆಯ ಭಾಷೆಯಾಗಿ ಸ್ಪ್ಯಾನಿಷ್ ಕಲಿಯುತ್ತಾರೆ.

ಫಿಲಿಪ್ಪೀನ್ಸನ್ನು ಸ್ಪೇನ್ ಮುನ್ನೂರು ವರ್ಷ ಆಳಿತಲ್ಲ, ಅಲ್ಲೇಕೆ ಇಲ್ಲ?

1565ರಿಂದ 1898ರವರೆಗೆ ಆಳಿತು. ಆದರೆ ಮ್ಯಾಡ್ರಿಡಿನಿಂದ ಮನಿಲಾಗೆ ನೇರ ದಾರಿ ಇರಲಿಲ್ಲ. ಬಹುಕಾಲ ಆಡಳಿತ ಮೆಕ್ಸಿಕೊದ ಮೂಲಕ ನಡೆಯುತ್ತಿತ್ತು, ಅಕಾಪುಲ್ಕೊದಿಂದ ಹಡಗು ಪೆಸಿಫಿಕ್ ದಾಟಿ ಬರಬೇಕಿತ್ತು. ಅಷ್ಟು ದೂರ ಬಂದು ನೆಲೆಸಿದ ಸ್ಪೇನಿಗರು ಬೆರಳೆಣಿಕೆಯವರು. ಪಾದ್ರಿಗಳು ಜನರಿಗೆ ಸ್ಪ್ಯಾನಿಷ್ ಕಲಿಸುವ ಬದಲು ತಾವೇ ತಗಾಲೋಗ್, ಸೆಬುವಾನೊ ಕಲಿತು ಪ್ರವಚನ ಮಾಡಿದರು. ನಮ್ಮಲ್ಲಿ ಕಿಟ್ಟೆಲ್ ಕನ್ನಡ ಕಲಿತು ನಿಘಂಟು ಮಾಡಿದ ಹಾಗೆ. ಹಾಗಾಗಿ ಸ್ಪ್ಯಾನಿಷ್ ಓದು ಬರಹ ಬಲ್ಲ ಮೇಲ್ವರ್ಗದ ಭಾಷೆಯಾಗಿ ಉಳಿಯಿತು. ವಸಾಹತುಶಾಹಿಯನ್ನು ಕಟುವಾಗಿ ಟೀಕಿಸಿದ ಹೋಸೆ ರಿಸಾಲ್ ತನ್ನ ಕಾದಂಬರಿಗಳನ್ನು ಬರೆದದ್ದೂ, 1899ರ ಮೊದಲ ಗಣರಾಜ್ಯದ ಸಂವಿಧಾನ ರಚನೆಯಾದದ್ದೂ ಸ್ಪ್ಯಾನಿಷಿನಲ್ಲೇ.

ನಂತರ ಬಂದ ಅಮೆರಿಕನ್ನರು ಊರೂರಿಗೆ ಇಂಗ್ಲಿಷ್ ಶಾಲೆ ತೆರೆದರು. ಎರಡು ತಲೆಮಾರಿನಲ್ಲಿ ಲೆಕ್ಕ ತಿರುಗಿತು. 1973ರ ಸಂವಿಧಾನ ಸ್ಪ್ಯಾನಿಷನ್ನು ಕೈಬಿಟ್ಟಿತು, ಅದೇ ವರ್ಷ ಅಧ್ಯಕ್ಷರ ಆದೇಶವೊಂದು ಅದನ್ನು ಮತ್ತೆ ಸೇರಿಸಿತು, 1987ರ ಸಂವಿಧಾನ ಪೂರ್ತಿಯಾಗಿ ತೆಗೆದುಹಾಕಿತು. ಈಗ ಅಲ್ಲಿ ಸ್ಪ್ಯಾನಿಷಿಗೂ ಅರಬ್ಬಿಗೂ "ಇಷ್ಟವಿದ್ದವರು ಕಲಿಯಲಿ" ಎಂಬಷ್ಟೇ ಮಾನ್ಯತೆ. ಆದರೂ ಫಿಲಿಪಿನೊ ಜನ ಗಂಟೆ ಹೇಳುವುದು ಸ್ಪ್ಯಾನಿಷ್ ಅಂಕಿಗಳಲ್ಲಿ. ದಕ್ಷಿಣದ ಜಾಂಬೊಆಂಗಾ ನಗರದಲ್ಲಿ ಸ್ಪ್ಯಾನಿಷ್ ಪದಗಳಿಗೆ ಸ್ಥಳೀಯ ವ್ಯಾಕರಣ ಬೆರೆತು ಹುಟ್ಟಿದ ಚವಕಾನೊ ಎಂಬ ಭಾಷೆ ಇಂದಿಗೂ ಜೀವಂತ. ಸ್ಪ್ಯಾನಿಷಿನಲ್ಲಿ ಆ ಹೆಸರಿನ ಅರ್ಥ "ಒರಟು, ಅಭಿರುಚಿಯಿಲ್ಲದ್ದು". ಬೈಗುಳವನ್ನೇ ಅವರು ಹೆಸರಾಗಿ ಹೊತ್ತು ತಿರುಗುತ್ತಿದ್ದಾರೆ.

ಹಾಗಾದರೆ ಅಮೆರಿಕದಲ್ಲಿ ಎಲ್ಲರಿಗೂ ಸ್ಪ್ಯಾನಿಷ್ ಕಲಿಸಿದವರು ಸ್ಪೇನಿನ ರಾಜರೇ?

ಪೂರ್ತಿಯಾಗಿ ಅಲ್ಲ. 1570ರಲ್ಲಿ ಎರಡನೆಯ ಫಿಲಿಪ್ ರಾಜ ಮೆಕ್ಸಿಕೊದ ಮೂಲನಿವಾಸಿಗಳೊಡನೆ ವ್ಯವಹರಿಸಲು ನಾವಾಟಲ್ ಭಾಷೆಯನ್ನೇ ಅಧಿಕೃತಗೊಳಿಸಿದ್ದ. ಇನ್ನೂರು ವರ್ಷ ಕಳೆದ ಮೇಲೆ, 1770ರಲ್ಲಿ, ಮೂರನೆಯ ಚಾರ್ಲ್ಸ್ ರಾಜ ಸ್ಥಳೀಯ ಭಾಷೆಗಳು ಅಳಿದು ಕಾಸ್ತೆಯಾನೊ ಒಂದೇ ಉಳಿಯಬೇಕೆಂದು ಆಜ್ಞೆ ಹೊರಡಿಸಿದ. ಆದರೆ ಹಳ್ಳಿಹಳ್ಳಿಗೆ ಸ್ಪ್ಯಾನಿಷ್ ಮುಟ್ಟಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನನ್ನೇ ಹೊರಗಟ್ಟಿ ಹುಟ್ಟಿದ ಗಣರಾಜ್ಯಗಳು. ಶಾಲೆ, ಸೈನ್ಯ, ಪತ್ರಿಕೆ ಎಲ್ಲವೂ ಒಂದೇ ಭಾಷೆಯಲ್ಲಿ ಇರಬೇಕೆಂದು ಹಟ ಹಿಡಿದವರು ಅವರು. ಆಳಿದವರಿಂದ ಆಗದ್ದನ್ನು ಅವರನ್ನು ಓಡಿಸಿದವರು ಮಾಡಿ ಮುಗಿಸಿದರು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೋಟಿಗಟ್ಟಲೆ ಜನ ಸ್ಪ್ಯಾನಿಷ್ ಆಡುತ್ತಾರೆ. ಅಲ್ಲಿ ಅಧಿಕೃತವಲ್ಲವೆ?

ಅಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು. ಆದರೂ 2025ರ ಮಾರ್ಚ್‌ವರೆಗೆ ಒಕ್ಕೂಟದ ಮಟ್ಟದಲ್ಲಿ ಇಂಗ್ಲಿಷಿಗೂ ಅಧಿಕೃತ ಪಟ್ಟ ಇರಲಿಲ್ಲ. ಆ ತಿಂಗಳ 1ರಂದು ಅಧ್ಯಕ್ಷ ಟ್ರಂಪ್ ಕಾರ್ಯಾದೇಶ ಹೊರಡಿಸಿ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿದರು. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಸ್ಪ್ಯಾನಿಷ್ ಅಧಿಕೃತ ಎಂಬ ಮಾತು ರಸಪ್ರಶ್ನೆ ಪುಸ್ತಕಗಳಲ್ಲಿ ಓಡಾಡುತ್ತಿರುತ್ತದೆ. ಅಲ್ಲಿನ 1912ರ ಸಂವಿಧಾನ ಸ್ಪ್ಯಾನಿಷ್ ಭಾಷಿಕರಿಗೆ ಮತದಾನ, ಶಿಕ್ಷಣದಲ್ಲಿ ರಕ್ಷಣೆ ಕೊಟ್ಟಿದೆ, ಅಷ್ಟೆ.

ಪೋರ್ಟೊ ರಿಕೊದ್ದು ಬೇರೆ ಕಥೆ. 1898ರಲ್ಲಿ ಅಮೆರಿಕದ ವಶವಾದ ಈ ದ್ವೀಪದಲ್ಲಿ 1902ರಿಂದ ಎರಡೂ ಭಾಷೆ ಅಧಿಕೃತ. 1991ರಲ್ಲಿ ಸ್ಪ್ಯಾನಿಷ್ ಒಂದೇ ಸಾಕೆಂದು ಕಾನೂನು ಮಾಡಿದರು. ಅದಕ್ಕಾಗಿ ಪೋರ್ಟೊ ರಿಕೊ ಜನತೆಗೇ ಸ್ಪೇನಿನ ಪ್ರತಿಷ್ಠಿತ ಆಸ್ತೂರಿಯಾಸ್ ಯುವರಾಜ ಪ್ರಶಸ್ತಿ ಬಂತು. ಸರ್ಕಾರ ಬದಲಾಯಿತು, 1993ರಲ್ಲಿ ಇಂಗ್ಲಿಷ್ ಮರಳಿ ಬಂತು. ಪ್ರಶಸ್ತಿಯನ್ನೇನೂ ಹಿಂದಕ್ಕೆ ಕೇಳಲಿಲ್ಲ.

ಬ್ರೆಜಿಲ್? ಬೆಲೀಜ್? ಅಂಡೋರಾ? ಜಿಬ್ರಾಲ್ಟರ್?

ನಾಲ್ಕಕ್ಕೂ ಇಲ್ಲ. ಬ್ರೆಜಿಲಿನದು ಪೋರ್ಚುಗೀಸ್, 1494ರ ತೋರ್ದೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಸಮುದ್ರದ ಮೇಲೆ ಗೆರೆ ಎಳೆದು ಜಗತ್ತನ್ನು ಹಂಚಿಕೊಂಡದ್ದರ ಫಲ. ಬೆಲೀಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸ್ಪ್ಯಾನಿಷ್ ಬರುತ್ತದೆ, ಆದರೆ ಅದು ಬ್ರಿಟಿಷರ ವಸಾಹತಾಗಿದ್ದರಿಂದ ಇಂಗ್ಲಿಷ್ ಅಧಿಕೃತ. ಅಂಡೋರಾದಲ್ಲಿ ಕತಲಾನ್. ಜಿಬ್ರಾಲ್ಟರಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಾತ್ರ ಇಂಗ್ಲಿಷ್, ಸ್ಪ್ಯಾನಿಷ್ ಎರಡನ್ನೂ ಹೆಣೆದ ಯಾನಿತೊ ಎಂಬ ನುಡಿ.

ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ?

ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಯುರೋಪಿಯನ್ ಒಕ್ಕೂಟದಲ್ಲಿ ಸ್ಪೇನ್ ಸೇರಿದ 1986ರಿಂದ. ಆಫ್ರಿಕನ್ ಒಕ್ಕೂಟದಲ್ಲಿಯೂ ಇದೆ.

ಭಾರತದಲ್ಲಿ, ಅದರಲ್ಲೂ ಗೋವಾದಲ್ಲಿ ಸ್ಪ್ಯಾನಿಷ್ ಆಡಳಿತ ಇತ್ತೆ?

ಗೋವಾದಲ್ಲಿ ಇದ್ದದ್ದು ಪೋರ್ಚುಗೀಸ್. ಒಂದು ತಮಾಷೆಯ ಸಂಗತಿ ಮಾತ್ರ ಇದೆ. 1580ರಿಂದ 1640ರವರೆಗೆ ಸ್ಪೇನಿನ ರಾಜರೇ ಪೋರ್ಚುಗಲ್ ಸಿಂಹಾಸನದ ಮೇಲೂ ಇದ್ದರು. ಆ ಅರವತ್ತು ವರ್ಷ ಗೋವಾವೂ ಮಂಗಳೂರು, ಬಸರೂರು, ಹೊನ್ನಾವರಗಳ ಪೋರ್ಚುಗೀಸ್ ಕೋಟೆಗಳೂ ಲೆಕ್ಕದಲ್ಲಿ ಮ್ಯಾಡ್ರಿಡಿನ ದೊರೆಯವು. ಆದರೆ ಕಾಗದಪತ್ರ, ಅಧಿಕಾರಿ, ಭಾಷೆ ಎಲ್ಲ ಪೋರ್ಚುಗೀಸರದೇ ಉಳಿಯಿತು. ನಮ್ಮ ಪಾದ್ರಿ, ಚಾವಿ, ಬಟಾಟೆ ಸ್ಪ್ಯಾನಿಷ್ ಪದಗಳಂತೆ ಕೇಳಿಸಿದರೂ ಬಂದದ್ದು ಪೋರ್ಚುಗೀಸ್ ದಾರಿಯಲ್ಲಿ.

ಹಾಗೆಂದು ಸ್ಪ್ಯಾನಿಷ್ ನಮ್ಮ ಹಿತ್ತಿಲಿಗೆ ಬರಲೇ ಇಲ್ಲ ಎನ್ನುವಂತಿಲ್ಲ. ಸಪೋಟ ಎಂಬ ಹೆಸರು ಮೆಕ್ಸಿಕೊದ ನಾವಾಟಲ್ ಪದ "ತ್ಸಾಪೋಟ್ಲ್" ಸ್ಪ್ಯಾನಿಷರ ಬಾಯಲ್ಲಿ "ಸಪೋತೆ" ಆಗಿ ಹೊರಟು ಬಂದದ್ದು. ಟೊಮೆಟೊ ಕೂಡ ಅದೇ ಭಾಷೆಯ "ತೊಮಾಟ್ಲ್".

ಈ ದೇಶಗಳ ಹೆಸರನ್ನು ನಾವು ಸರಿಯಾಗಿ ಬರೆಯುತ್ತಿದ್ದೇವೆಯೆ?

ಇಂಗ್ಲಿಷಿನಿಂದ ಎರವಲು ತಂದು ಬರೆಯುತ್ತಿದ್ದೇವೆ; ಈ ಪುಟವೂ ಹಾಗೆಯೇ ಬರೆದಿದೆ. ಸ್ಪ್ಯಾನಿಷಿನಲ್ಲಿ ಮೆಕ್ಸಿಕೊ "ಮೆಹಿಕೊ", ಅರ್ಜೆಂಟೀನಾ "ಅರ್ಹೆಂತೀನಾ", ಚಿಲಿ "ಚಿಲೆ". ಅಲ್ಲಿನ ತಕಾರ ದಕಾರಗಳು ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುತ್ತವೆ, ಟ, ಡಗಳಲ್ಲ. "ಜ್ಞಾನ" ಬಿಟ್ಟರೆ ಕೆಲಸವೇ ಇಲ್ಲದೆ ಕೂತಿರುವ ನಮ್ಮ ಞ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸ: ಸ್ಪೇನಿನ ಹೆಸರೇ "ಎಸ್ಪಾಞಾ". ಹಳಗನ್ನಡ ಓದಿದವರಿಗೆ ಇನ್ನೊಂದು ಲಾಭವಿದೆ. "ಪೆರೊ" ಎಂದರೆ "ಆದರೆ"; ಒತ್ತಿ "ಪೆಱೊ" ಎಂದರೆ "ನಾಯಿ". ನಾವು ಬಿಟ್ಟುಕೊಟ್ಟ ಱ ಅಕ್ಷರವನ್ನು ಅಲ್ಲಿ ತಪ್ಪಾದ ಕಡೆ ಬಳಸಿದರೆ "ಬರುತ್ತೇನೆ, ಆದರೆ" ಎನ್ನುವಲ್ಲಿ ನಾಯಿ ಬಂದು ನಿಲ್ಲುತ್ತದೆ.

ಒಂದು ದೇಶದ ಸ್ಪ್ಯಾನಿಷ್ ಕಲಿತರೆ 20ರಲ್ಲೂ ನಡೆಯುತ್ತದೆಯೆ?

ನಡೆಯುತ್ತದೆ. ಬರವಣಿಗೆಯಲ್ಲಿ ವ್ಯತ್ಯಾಸ ಬಹಳ ಕಡಿಮೆ. 1713ರಲ್ಲಿ ಸ್ಥಾಪನೆಯಾದ ಮ್ಯಾಡ್ರಿಡಿನ ರಾಜ ಅಕಾಡೆಮಿ ಈಗ ಒಬ್ಬಂಟಿಯಾಗಿ ನಿಯಮ ಮಾಡುವುದಿಲ್ಲ. ಅಮೆರಿಕ, ಫಿಲಿಪ್ಪೀನ್ಸ್, ಇಕ್ವೆಟೋರಿಯಲ್ ಗಿನಿಯ ಅಕಾಡೆಮಿಗಳೊಡನೆ ಕೂತು ನಿಘಂಟು, ವ್ಯಾಕರಣ ತರುತ್ತದೆ. ಅದು ನ್ಯಾಯವೂ ಹೌದು. ಸ್ಪೇನಿನ ಜನಸಂಖ್ಯೆ ಕರ್ನಾಟಕದ್ದಕ್ಕಿಂತಲೂ ಕಡಿಮೆ. ಸ್ಪ್ಯಾನಿಷ್ ಮಾತೃಭಾಷೆಯವರು ಒಟ್ಟು ಐವತ್ತು ಕೋಟಿಯ ಆಸುಪಾಸು.

ಎಡವುವುದು ಆಡುಮಾತಿನಲ್ಲಿ. "ನೀನು" ಎನ್ನಲು ಮೆಕ್ಸಿಕೊದಲ್ಲಿ "ತು", ಬ್ಯೂನಸ್ ಐರಿಸಿನಲ್ಲಿ "ವೋಸ್". "ನೀವು" ಎಂಬ ಗೌರವದ "ಉಸ್ತೆದ್" ಅನ್ನು ಕೊಲಂಬಿಯಾದ ಕೆಲವು ಕಡೆ ಗಂಡ ಹೆಂಡತಿ, ತಾಯಿ ಮಕ್ಕಳೂ ಪರಸ್ಪರ ಬಳಸುತ್ತಾರೆ. ಇನ್ನೊಂದು ಎಚ್ಚರಿಕೆ: ಸ್ಪೇನಿನಲ್ಲಿ ಬಸ್ಸು ಹಿಡಿಯುವುದಕ್ಕೆ "ಕೊಹೇರ್" ಎಂಬ ಕ್ರಿಯಾಪದ ಬಳಸುತ್ತಾರೆ. ಅದನ್ನೇ ಅರ್ಜೆಂಟೀನಾದ ನಿಲ್ದಾಣದಲ್ಲಿ ನಿಂತು ಹೇಳಿದರೆ ಸುತ್ತ ಇದ್ದವರು ಮುಖ ತಿರುಗಿಸಿ ನಗುತ್ತಾರೆ. ಅಲ್ಲಿ ಅದು ಮರ್ಯಾದಸ್ಥರು ಆಡುವ ಮಾತಲ್ಲ. "ತೊಮಾರ್" ಎನ್ನಿ, ಬಸ್ಸು ಸಿಗುತ್ತದೆ.